ಏಳನೇ ಬ್ಲಾಕಿನ ಚುಕ್ಕೆ

ರಾತ್ರಿ ಹತ್ತಕ್ಕೆ ಫೋನು ಗುಂಯ್ ಎಂದಿತು:
“ಕೊರಳಪಟ್ಟಿಯ ಹೆಣ್ಣಾನೆ ಸಿದ್ದಾಪುರ ದಾಟಿದೆ.
ನಿಮ್ಮ ಏಳನೇ ಬ್ಲಾಕು. ಯಾರೂ ಹೊರಬರಬೇಡಿ.”
ಫಾರೆಸ್ಟಿನ ಬೆಳ್ಯಪ್ಪ ಕಳಿಸಿದ ನಕ್ಷೆಯಲ್ಲಿ
ಒಂದು ಕೆಂಪು ಚುಕ್ಕೆ.

ಹನ್ನೊಂದಕ್ಕೂ ಅಲ್ಲೇ. ಎರಡಕ್ಕೂ ಅಲ್ಲೇ.
ಮೇಯುವ ಆನೆ ಹೀಗೆ ನಿಲ್ಲುವುದಿಲ್ಲ.
ಅವಳೆಲ್ಲಿ ಎಂಬುದು ಪಟ್ಟಿಗೆ ಗೊತ್ತು;
ಏಕೆ ಎಂಬುದು ಪಟ್ಟಿಯ ಕೆಲಸವಲ್ಲ.

ಹೊರಗೆ ಕಾಫಿ ಹೂ ಬಿರಿದ ರಾತ್ರಿ.
ಕಿಟಕಿ ಮುಚ್ಚಿದರೂ ಘಮ,
ಮೂರು ತಿಂಗಳು ತಡೆದ ಮಾತನ್ನು
ಗಿಡಗಳೆಲ್ಲ ಒಂದೇ ಮಳೆಗೆ ಆಡಿಬಿಟ್ಟ ಹಾಗೆ.
ನನಗಂತೂ ನಿದ್ದೆಯಿಲ್ಲ.

ಬೆಳಗ್ಗೆ ಚೋಮಿ ನನಗಿಂತ ಮೊದಲೇ ಹೋಗಿದ್ದಳು.
“ಅಮ್ಮಾ, ಒಂದು ರೆಕ್ಕೆ ಮುರಿದಿಲ್ಲ.”
ಹೌದು. ಸಾಲು ಸಾಲು ಬಿಳಿ ಹೂ ಹಾಗೇ ಇದೆ.
ಹಲಸಿನ ಬೊಡ್ಡೆಯ ಸುತ್ತ ಮಾತ್ರ
ನೆಲ ತುಳಿದು ತುಳಿದು ಕಣದಷ್ಟು ನುಣುಪು.
ಬೊಡ್ಡೆಯ ಮೇಲೆ ಸೊಂಡಿಲು ಸೊಂಡಿಲು ಮಣ್ಣು,
ಅದರ ಮೇಲೊಂದು ಹಾಲುವಾಣದ ಟೊಂಗೆ.
ನಮ್ಮ ತೋಟದಲ್ಲಿ ಹಾಲುವಾಣವಿಲ್ಲ.
ಎಲ್ಲಿಂದ ಹೊತ್ತು ತಂದಳೋ.

ಮರ ಕಡಿಸಿದ್ದು ನಾನೇ,
ಹೋದ ತಿಂಗಳು, ಆನೆ ಬಾರದಿರಲೆಂದು.
ಗರಗಸಕ್ಕೆ ಅಂಟಿದ ಮೇಣ ಒರೆಸಲು
ಸೀಮೆಣ್ಣೆಯನ್ನೂ ಕೊಟ್ಟಿದ್ದೆ, ಕೂಲಿಯ ಜೊತೆಗೆ.

ಬುಡದಲ್ಲಿ ಮೇಣ ಇನ್ನೂ ಒಸರುತ್ತಿದೆ.
ಬೇರಿಗೆ ಸುದ್ದಿ ಮುಟ್ಟಿಲ್ಲವೋ ಏನೋ,
ಇಲ್ಲದ ಕೊಂಬೆಗೆ ನೀರೆತ್ತುತ್ತಲೇ ಇದೆ.

ಚೋಮಿ ಕತ್ತಿಯ ತುದಿಯಿಂದ ಟೊಂಗೆ ಸರಿಸಹೋದಳು.
“ಇರಲಿ” ಎಂದೆ.
ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು.
ಫೋನು ಮತ್ತೆ ಗುಂಯ್: ಚುಕ್ಕೆ ಈಗ ಹೊಳೆಯಾಚೆ.

“ಈ ಮರದ ಹಣ್ಣು ನಾನೂ ತಿಂದಿದ್ದೆ”
ಎಂದಳು ಚೋಮಿ, ನನ್ನ ಕಡೆ ನೋಡದೆ.