ಎಡಗಡೆಯ ಮಾನಿಟರು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ಹಿಂದಿನ ಸೈಬರ್ ಸೆಂಟರು
ಬಾಗಿಲು ಹಾಕಿದ ದಿನ, ಒಂಬೈನೂರಕ್ಕೆ ಕೊಂಡೆ.
ಹಳೇ ದುಪ್ಪಟ್ಟಾದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರೆ
ಆಟೋದವನು ತಿರುಗಿ ಕೇಳಿದ: ಕನ್ನಡೀನಾ?
ಹೂಂ ಅಂದೆ. ವಿವರಿಸುವ ತಾಳ್ಮೆ ಇರಲಿಲ್ಲ.

ಮೇಜು ಚಿಕ್ಕದು. ಪ್ರಿಂಟರು ನೆಲಕ್ಕಿಳಿಯಿತು,
ಲ್ಯಾಮಿನೇಷನ್ ಮಿಷನ್ನು ಫ್ರಿಜ್ಜಿನ ನೆತ್ತಿಗೇರಿತು.
ಬಂದದ್ದು ಹದಿನೆಂಟು ಇಂಚು, ಮೊದಲಿನದು ಇಪ್ಪತ್ತೆರಡು.
ಗಿಡ್ಡನ ಕಾಲಡಿಗೆ ಎರಡು ವೋಟರ್ ಲಿಸ್ಟು,
ಒಂದು ಹಳೇ ಟೆಲಿಫೋನ್ ಡೈರೆಕ್ಟರಿ ಇಟ್ಟು
ಹುಬ್ಬು ಸಮ ಮಾಡಿದೆ.

ಬಟನ್ ಒತ್ತಿದರೆ ನೀಲಿ ಚೌಕವೊಂದು
ಅಂಚಿನಿಂದ ಅಂಚಿಗೆ ತೇಲುತ್ತ: ಸಿಗ್ನಲ್ ಇಲ್ಲ.
ತಂತಿ ಕಿತ್ತೆ, ಊದಿದೆ, ಮತ್ತೆ ಚುಚ್ಚಿದೆ. ಸಿಗ್ನಲ್ ಇಲ್ಲ.
ತಂಗಿಯ ಮಗ ಸುಹೇಲ್ ಬಂದು ಅದರ ಕೆನ್ನೆಗೆ
ಎರಡು ಬಾರಿಸಿದ. "ಸತ್ತಿದೆ ಖಾಲಾ, ದುಡ್ಡು ವಾಪಸ್ ಕೇಳು."

ಅಬ್ಬಾಜಾನ್ ಒಳಗಿಂದ ಕೆಮ್ಮಿದರು. ಮೂವತ್ತೈದು ವರ್ಷ
ಕುದಿನೀರಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕಿದವರು,
ಬೆರಳ ಗೆರೆ ಆಧಾರ್ ಯಂತ್ರಕ್ಕೂ ಸಿಗದವರು:
"ಎಳೆ ಬರಲಿಲ್ಲ ಅಂದ್ರೆ ಗೂಡನ್ನ ಬೈಬೇಡ.
ಮೊದಲು ನೀರಿನ ಕಾವು ನೋಡು."

ಸಿಪಿಯು ತಿರುಗಿಸಿದೆ. ಬೆನ್ನ ತುಂಬ ಧೂಳು,
ಟಾರ್ಚಿನ ಬೆಳಕಲ್ಲಿ ಸಾಲು ಬಾಯಿಗಳು.
ಮೇಲಿನದು ಬೋರ್ಡಿನ ಹುಟ್ಟುಬಾಯಿ,
ಕಾರ್ಡು ಕೂರಿಸಿದ ದಿನದಿಂದ ಮೌನ ಹಿಡಿದದ್ದು;
ಕೆಳಗಿನದು ಕಾರ್ಡಿನದು, ಮಾತಾಡುವಂಥದು.
ಇಡೀ ಮಧ್ಯಾಹ್ನ ಯಾರೂ ಇಲ್ಲದ ಮನೆಯ ಕದ ತಟ್ಟಿದ್ದೆ.
ಕೆಳಗೆ ಚುಚ್ಚಿದೆ. ಕಪ್ಪಿನೊಳಗಿಂದ ಮಿಣುಕಿ ಮಿಣುಕಿ
ಬಂತು.

ಬಂದದ್ದು ಮಾತ್ರ ಮೊದಲಿನದೇ ಇನ್ನೊಮ್ಮೆ:
ಅದೇ ಐಕಾನು, ಅದೇ ಅರ್ಧ ಮುಗಿದ ಮದುವೆ ಕಾರ್ಡು.
ಆಟೋದವನ ಮಾತೇ ಸರಿ.
ಹುಡುಕಿ, ಹಿಗ್ಗಿಸುವಲ್ಲಿ ಒತ್ತಿದೆ. ಮನೆಗೊಂದು ಕೋಣೆ ಕೂಡಿತು,
ಬಾಗಿಲು ತಪ್ಪು ಗೋಡೆಯಲ್ಲಿ.
ಬಾಣವನ್ನು ಎಡಕ್ಕೆ ತಳ್ಳಿದರೆ ಹಣೆ ಚಚ್ಚಿಕೊಳ್ಳುತ್ತದೆ,
ಬಲಕ್ಕೆ ತಳ್ಳಿದರೆ ಮಾಯವಾಗಿ
ಗಿಡ್ಡನ ಎಡತುದಿಯಿಂದ ಇಣುಕುತ್ತದೆ.
ಸೆಟ್ಟಿಂಗ್ಸಿನಲ್ಲಿ ಒಂದು, ಎರಡು ಎಂದು ಬರೆದ ಪೆಟ್ಟಿಗೆ;
ಎರಡನ್ನು ಎತ್ತಿ ಒಂದರ ಎಡಕ್ಕೆ ಕೂರಿಸಿದೆ.
ಲೂಡೋ ಕಾಯಿ ಸರಿಸಿದಷ್ಟೇ ಕೆಲಸ. ಸುಹೇಲನ ಚಪ್ಪಾಳೆ.

ಮರುದಿನ ದಿಬ್ಬೂರಹಳ್ಳಿಯ ನಾರೆಪ್ಪ ಬಂದ,
ತಾಯಿ ಪಿಳ್ಳಮ್ಮನ ತಿಥಿ ಕಾರ್ಡಿಗೆ, ಮುನ್ನೂರು ಪ್ರತಿ.
ಇದ್ದದ್ದೊಂದೇ ಫೋಟೋ, ಬ್ಯಾಂಕ್ ಪಾಸ್‌ಬುಕ್ಕಿನದು,
ಹಣೆಯ ಮೇಲೆ ಸೀಲಿನ ಕಾಲು ಚಂದ್ರ.
ಸೀಲು ಅಳಿಸಿದೆ. ಕೂದಲಿಗಂಟಿದ ಬೂದು ಚುಕ್ಕೆ ಅಳಿಸಹೋದರೆ
"ಅದು ಇರ್ಲಿ ಬಿಡಮ್ಮ, ರಾಗಿಹಿಟ್ಟು.
ಮಿಲ್ಲಿಂದ ಹಂಗೇ ಬಂದು ಫೋಟೋಗೆ ಕೂತ್ಕೊಂಡ್ಳು."

ಆಮೇಲೆ ಅವನ ಕಣ್ಣಿಗೆ ಬಿತ್ತು:
ಎಡದಲ್ಲಿ ಪಿಳ್ಳಮ್ಮ ಅರಿಶಿನ ಮೆತ್ತಿದ ಹಾಗೆ,
ಬಲದಲ್ಲಿ ಚಳಿಗೆ ನೀಲಿಗಟ್ಟಿದ ಹಾಗೆ.
"ಇದ್ರಾಗೆ ನಮ್ಮಮ್ಮ ಯಾವ್ದಮ್ಮ?"

ಬೆಳಕು ಇಳಿಸಿದೆ, ಕೆಂಪು ಏರಿಸಿದೆ, ಹಳದಿ ಹಿಂಡಿದೆ,
ಗಿಡ್ಡನಿಗೆ ಪಕ್ಕದವನ ಬಣ್ಣ ಕಲಿಸಲು ಹೆಣಗಿದೆ.
ಒಂದು ಗಂಟೆ. ಹತ್ತಿರ ಬಂತು, ಸಮ ಬರಲಿಲ್ಲ.
ಪ್ರಿಂಟು ತೆಗೆದರೆ ಮೂರನೆಯ ಪಿಳ್ಳಮ್ಮ,
ಯಾರದೋ ಅತ್ತೆಯಂಥವಳು.

ನಾರೆಪ್ಪ ಟೀ ಮುಗಿಸಿ ಕತ್ತು ಆಚೆ ಈಚೆ ಆಡಿಸಿದ.
"ಇಷ್ಟು ಬೆಳ್ಳಗಿರ್ಲಿಲ್ಲ. ಅಷ್ಟು ಕಪ್ಪೂ ಅಲ್ಲ."
ಅಂಗಿಯ ತೋಳು ಮಡಚಿ, ಎರಡು ಪರದೆ ಕೂಡುವಲ್ಲಿ,
ಎರಡು ಬೆರಳಗಲದ ಕರಿ ಪ್ಲಾಸ್ಟಿಕ್ಕಿನ ಮೇಲೆ
ಮುಂಗೈ ಅಡ್ಡ ಹಿಡಿದ.
"ಇದು ನೋಡಮ್ಮ. ನಾನು ಅವಳ ಬಣ್ಣ."

ಟ್ಯೂಬ್‌ಲೈಟ್ ಆರಿಸಿ ಕಿಟಕಿ ತೆಗೆದೆ.
ಸ್ವಲ್ಪ ಹೊತ್ತು ಕೈ ಹಂಗೇ ಇರಲಿ ಅಂದು
ಮೌಸು ಹಿಡಿದೆ.