ಕೊಳವೆಯೊಳಗಿನ ಜೇನುಗೂಡು

ರಿಕೋತಿ ಏರಿನ ಎರಡನೇ ಸುರಂಗ ದಾಟುವಾಗ
ಟೇಪಿನ ಅಂಚಿನಿಂದ ಬೆಳಕು ಸೋರಿತು.
ವರ್ಷದಿಂದ ಅಲ್ಲೇ ಇತ್ತು ಅದು, ಹಳದಿ, ತನ್ನ ಪಾಡಿಗೆ.
ಅಕ್ಕನ ಮಗ ಬಾದ್ರಿ ಮೇಲೊಂದು ಕರಿ ಟೇಪು ಅಂಟಿಸಿ
'ಕಣ್ಣಿಗೆ ಕಿರಿಕಿರಿ, ಅಷ್ಟೇ ಚಿಕ್ಕಮ್ಮ' ಅಂದಿದ್ದ.
ಇವತ್ತು ಅದು ರೆಪ್ಪೆ ಬಡಿಯುತ್ತಿದೆ.

ಹಿಂದೆ, ಮಡಚಿದ ಸೀಟಿನ ಮೇಲೆ, ಹುಲ್ಲಿನ ನಡುವೆ
ಶ್ರೋಶಾದ ಕೆಮ್ಮಣ್ಣಿನ ಮೂವತ್ತೆಂಟು ಹೂಜಿ,
ಟಿಬಿಲಿಸಿಯ ಒಂದು ವೈನಂಗಡಿಗೆ.
ಕಾರು ನಡುಗಿದರೆ ಅವೂ ನಡುಗುತ್ತವೆ:
ಟಣ್, ಟಣ್, ಟಣ್,
ನಾಲ್ಕನೆಯದರ ಜಾಗದಲ್ಲಿ ಒಂದು ಮುಗ್ಗರಿಕೆ.
ಹುಟ್ಟಿದಾಗಿನಿಂದ ಮಡಕೆ ತಟ್ಟಿ ನೋಡಿದ ಕಿವಿ ನನ್ನದು.
ಎಲ್ಲಿ ಎಂದು ತಿಳಿಯದಿದ್ದರೂ
ಬಿರುಕು ಇದೆ ಎಂದು ತಿಳಿಯುತ್ತದೆ.

ಜುಂಬೇರನ ತಗಡಿನ ಷೆಡ್ಡು.
ಅವನು ಮೊದಲು ಮೂಸಿದ್ದು ಹೊಗೆಕೊಳವೆಯನ್ನು.
'ಹಸಿ ಪೆಟ್ರೋಲು. ನಿಂತು ಉರಿದರೆ ನಾಳೆ ಬಾ,
ಮಿನುಗಿದರೆ ಅಲ್ಲೇ ನಿಲ್ಲು, ಅಷ್ಟೂ ಗೊತ್ತಿಲ್ಲವೇ ಲಮಾರಾ?
ಹೀಗೆ ಎಷ್ಟು ದೂರ ಓಡಿಸಿದೆ?'
ಮೂರು ಕಿಲೋಮೀಟರು ಅಂದೆ.
ಒಂಬತ್ತು.

ಕೀಲಿ ತಿರುಗಿಸಿದ. ಪ್ರತಿಸಲದಂತೆ ಜಪಾನಿನ ಹೆಂಗಸು
ಏನನ್ನೋ ಬಹಳ ವಿನಯದಿಂದ ಹೇಳಿದಳು.
ನಮ್ಮ ಊರಿಗೆ ಬಂದು ಏಳು ವರ್ಷ,
ಯಾರೂ ಅವಳಿಗೆ ಉತ್ತರ ಕೊಟ್ಟಿಲ್ಲ.
ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರು ಚುಚ್ಚಿ ಓದಿದ:
'ಮೂರನೇ ಸಿಲಿಂಡರು ಉರಿಯುತ್ತಿಲ್ಲ.'

ಹತ್ತರ ಸ್ಪ್ಯಾನರು. ಮೂರರ ಕಾಯಿಲ್ ಬಿಚ್ಚಿ ಒಂದಕ್ಕೆ ಹಾಕಿದ,
ಒಂದರದ್ದು ಮೂರಕ್ಕೆ.
ಕೆಟ್ಟದ್ದನ್ನು ಒಳ್ಳೆಯವರ ಮನೆಗೆ ಕಳಿಸಿದೆಯಲ್ಲೋ ಅಂದೆ.
'ದೋಷ ಅದರ ಹಿಂದೆಯೇ ಹೋಗುತ್ತದೋ
ಮನೆಯಲ್ಲೇ ಕೂತಿರುತ್ತದೋ, ನೋಡೋಣ.'
(ನನ್ನ ಅತ್ತೆಗೆ ಈ ಉಪಾಯ ಗೊತ್ತಿರಲಿಲ್ಲ.)
ಮತ್ತೆ ಆ ಹೆಂಗಸಿನ ವಿನಯ. ಮತ್ತೆ ನಡುಕ.
'ಒಂದು' ಎಂದು ಓದಿ, ಮೀನು ಸಿಕ್ಕವನಂತೆ ನಕ್ಕ.

ಜಜ್ಜಿಹೋದ ಇನ್ನೊಂದು ಹೋಂಡಾದ ಹೊಟ್ಟೆಯಲ್ಲಿ
ಕಾಯಿಲ್ ಹುಡುಕುತ್ತಾ ಹೇಳಿದ:
'ಉರಿಯದ ಪೆಟ್ರೋಲು ಕೆಳಗಿಳಿದು ಕೊಳವೆಯಲ್ಲಿ ಹೊತ್ತುತ್ತದೆ.
ಅಲ್ಲೊಂದು ಜೇನುಗೂಡಿದೆ, ಸಾವಿರ ಕಣ್ಣು,
ಹೊಗೆ ತೊಳೆಯುವುದು ಅದೇ. ಬೆಂಕಿ ಹೆಚ್ಚಾದರೆ ಕರಗಿಹೋಗುತ್ತದೆ.'
ಏತರದ್ದು ಅಂದೆ.
'ಸುಟ್ಟ ಮಣ್ಣಿನದ್ದು. ನಿನ್ನ ಕಸುಬೇ.'

ನನ್ನ ಕಾರಿನ ಕೆಳಗೆ ಮಣ್ಣಿನ ಕೆಲಸ!
ಏಳು ವರ್ಷ ಅದರ ಮೇಲೆ ಕೂತು ಓಡಾಡಿದ್ದೇನೆ,
ಒಂಬತ್ತು ಕಿಲೋಮೀಟರು ಅದನ್ನು ಬೇಯಿಸಿದ್ದೇನೆ.
ನೋಡು, ನೋಡು ಎಂದೆ, ಒಡೆದಿದೆಯಾ.

ಅಂಗಾತ ಮಲಗಿ ಕೆಳಗೆ ಜಾರಿದ.
ಸ್ಪ್ಯಾನರಿನಿಂದ ಎರಡು ಸಲ ತಟ್ಟಿದ.
ಅವನು ಬಾಯಿ ಬಿಡುವ ಮೊದಲೇ ನನಗೆ ಕೇಳಿಸಿತು,
ಬರಿದು.
'ಯಾರೋ ಕೊಯ್ದು ಗೂಡು ತೆಗೆದು ಮತ್ತೆ ಬೆಸೆದಿದ್ದಾರೆ.
ಅದರಲ್ಲಿನ ಲೋಹಕ್ಕೆ ಒಳ್ಳೆ ಬೆಲೆ. ಗಾಡಿ ಯಾರಿಗಾದರೂ ಕೊಟ್ಟಿದ್ದೆಯಾ?'
ಹೋದ ಈಸ್ಟರಿನ ಮುಂಚೆ, ಆಯಿಲ್ ಬದಲಿಸಲು.
ಈಸ್ಟರಿಗೆ ಬಾದ್ರಿ ಹೊಸ ಬೂಟು ಹಾಕಿ ಬಂದಿದ್ದ,
ನಾನೇ ಹೊಗಳಿದ್ದೆ.

ಕಾಯಿಲ್ ಕೂತಿತು. ಮೂವತ್ತೆಂಟು ಹೂಜಿಯೂ ಸುಮ್ಮನಾದವು.
ಮಿನುಗು ನಿಂತು, ಹಳೆಯ ಹಳದಿ ಹಾಗೇ ಉಳಿಯಿತು.
'ಅದು ಇಲ್ಲದ ಗೂಡನ್ನು ಕೇಳುತ್ತಲೇ ಇರುತ್ತದೆ.
ಟೇಪು ಅಂಟಿಸಲಾ?'
ಬೇಡ ಅಂದೆ. ಗೂಡಿನ ಗೋಡೆ ಎಷ್ಟು ದಪ್ಪ?
'ಈರುಳ್ಳಿಯ ಒಳಸಿಪ್ಪೆ.'
ಹೆಬ್ಬೆರಳು ತಾನಾಗಿ ತೋರುಬೆರಳನ್ನು ಸವರಿತು.
ಅಷ್ಟು ತೆಳುವು ನನ್ನ ಕೈಗೆ ಬಂದಿಲ್ಲ,
ಅಪ್ಪನ ಕೈಗೂ ಬಂದಿರಲಿಲ್ಲ.

ಅರ್ಧ ದುಡ್ಡು, ಎರಡು ಹೂಜಿ ಕೊಟ್ಟು ಹೊರಟೆ.
ಸುರಾಮಿಯ ರಸ್ತೆಬದಿಯಲ್ಲಿ ನಜೂಕಿ ರೊಟ್ಟಿ, ಆಗಷ್ಟೇ ಒಲೆಯಿಂದ ತೆಗೆದದ್ದು,
ಎರಡು ಕಟ್ಟಿಸಿಕೊಂಡೆ, ನನಗೊಂದು, ಬಾದ್ರಿಗೊಂದು.
ಕಾಸ್ಪಿ ಬರುವಷ್ಟರಲ್ಲಿ
ಅವನದ್ದನ್ನೂ ನಾನೇ ತಿಂದಿದ್ದೆ.