ಆಯ್ತಾ?

ಕುತ್ತಿಗೆಯಲ್ಲಿ ಗಂಟಿದ್ದಾಗ ಯಾರೂ ಅದರ ಹೆಸರೆತ್ತಲಿಲ್ಲ.
'ಆ ಕಾಯಿಲೆ' ಅಂದರು, ಸೆರಗು ಬಾಯಿಗಿಟ್ಟು.
ಗಂಟು ಕರಗಿ ಎರಡನೇ ವರ್ಷ,
ಈಗ ಇಡೀ ಕೇರಿಗೆ ಬಾಯಿ ಬಂದಿದೆ.
ಬೆಳಗಾದರೆ ಗೋಡೆಯಾಚೆ ಗುಲ್ಜಾರ್‌ಬಿ:
'ಹುವಾ ಕ್ಯಾ?'
ಎದುರುಮನೆ ಪಿಳ್ಳಮ್ಮ, ಹಲ್ಲಿಗೆ ಇದ್ದಿಲು ತಿಕ್ಕುತ್ತ:
'ಅಯಿಂದಾ?'
ನಾದಿನಿ ಫೋನಿನಲ್ಲಿ, ಅವಳ ಗಂಡನಿಗೂ ಕೇಳುವಂತೆ:
'ಆಯ್ತಾ ಅತ್ತಿಗೆ?'

ಊಟ ಆಯ್ತಾ ಅಂತ ಕೇಳುವ ಊರು ಶಿಡ್ಲಘಟ್ಟ.
ನನ್ನೊಬ್ಬಳಿಗೆ ಮಾತ್ರ
ಪ್ರಶ್ನೆ ಇನ್ನೊಂದು ಕೊನೆಯಿಂದ.

ಆಗಿಲ್ಲ. ಐದು ದಿನ.

ಎಂಟು ಸಲ ನರಕ್ಕಿಳಿಸಿದ ಆ ನೀರು
ಗಂಟಿನ ಜೊತೆ ಬೆರಳ ತುದಿಯನ್ನೂ ತಿಂದಿತು.
ಇಪ್ಪತ್ತಾರು ವರ್ಷ ಕುದಿವ ನೀರಲ್ಲಿ
ರೇಷ್ಮೆಗೂಡಿನ ಎಳೆ ಹುಡುಕಿದ ಬೆರಳು,
ಕರೆಂಟು ಹೋದರೂ ತುದಿ ಸಿಗುತ್ತಿತ್ತು.
ಈಗ ಎಳೆಯೂ ತಿಳಿಯದು, ಬಿಸಿಯೂ.
ಕರುಳೂ ಹಾಗೇ ಅಂದರು,
ಅದೂ ತುದಿ ಮರೆತು ಕೂತಿದೆ.

ಮೊದಲು ಬಂದದ್ದು ಅಳಲೆಕಾಯಿ.
ಪಿಳ್ಳಮ್ಮ ಕಲ್ಲಲ್ಲಿ ತೇಯ್ದು ಬಿಸಿನೀರಲ್ಲಿ ಕಲಸಿ
'ಹೆತ್ತವ್ವ ಮುನಿದಾಳು, ಅಳಲೆ ಮುನಿಯೊಲ್ಲ' ಅಂದಳು.
ನಿಜ, ಮುನಿಯಲಿಲ್ಲ.
ಮಾತೂ ಆಡಲಿಲ್ಲ.

ಗುಲ್ಜಾರ್‌ಬಿಯ ಮಗ ತಲಕಾಯಲಬೆಟ್ಟದ ದಾರಿಯಿಂದ
ಕಕ್ಕೆಕಾಯಿ ತಂದ, ಮೊಳದುದ್ದ,
ಅಲ್ಲಾಡಿಸಿದರೆ ಗಿಲಕಿ.
ಒಡೆದರೆ ಬಿಲ್ಲೆ ಬಿಲ್ಲೆಗೂ ಅಂಟಿದ ಕಪ್ಪು ತಿರುಳು,
ಹುಣಸೆಹಣ್ಣಿನ ಬಡ ತಂಗಿ.
ನಾದಿನಿಯದು ಹರಳೆಣ್ಣೆ.
ಮೂಗು ಹಿಡಿದು ಕುಡಿದೆ, ಏಳು ವರ್ಷದವಳಂತೆ.
ರಾತ್ರಿಯೆಲ್ಲ ಹೊಟ್ಟೆ ಹಿಂಡಿ, ಬೆಳಗ್ಗೆ ಕಾಲು ನಡುಗಿ
ಗೋಡೆ ಹಿಡಿದು ಒಳಗೆ ಬಂದೆ.
ಅದು ಆದದ್ದಲ್ಲ, ಆಗಿಸಿದ್ದು.

ಬಸ್ ಸ್ಟ್ಯಾಂಡಿನ ಟೆಂಟಿನವನು ಕೊಟ್ಟ ಪುಡಿಗೆ ಹೆಸರಿರಲಿಲ್ಲ,
ಮುನ್ನೂರು ರೂಪಾಯಿ ಇತ್ತು.
'ಹೊಟ್ಟೆ ಅಷ್ಟೇ ಅಲ್ಲಮ್ಮ,
ಒಳಗುಳಿದ ಬೇರೂ ಕಿತ್ತು ಬರುತ್ತೆ' ಅಂದ.

ಬೇರು ಇನ್ನೂ ಇದೆಯಾ?

ಆ ರಾತ್ರಿ ಕುತ್ತಿಗೆ ತಡವಿಕೊಂಡೆ.
ಈ ಜೋಮು ಬೆರಳಿಗೆ
ಗಂಟಿದ್ದರೂ ತಿಳಿಯುತ್ತದಾ?
ದೀಪ ಹಾಕಿ ವೆಂಕಟರವಣಪ್ಪನನ್ನು ಎಬ್ಬಿಸಿದೆ,
'ಇಲ್ಲಿ ಮುಟ್ಟಿ ನೋಡು.'
ನಿದ್ದೆಗಣ್ಣಲ್ಲೇ ಹುಡುಕಿದ ಬಹಳ ಹೊತ್ತು,
ಹಾಸಿಗೆಯಲ್ಲಿ ಬಿದ್ದ ಮೂಗುಬೊಟ್ಟು ಹುಡುಕುವವನಂತೆ.
'ಏನಿಲ್ಲ' ಅಂದ.
ಇನ್ನೊಂದು ಸಲ ನೋಡು ಅಂದೆ. ನೋಡಿದ.
ಆ ಪುಡಿ ಬಿಚ್ಚಲೇ ಇಲ್ಲ.

ತಪಾಸಣೆಯ ದಿನ ಬೆಂಗಳೂರಿನ ಮೇಜಿನ ಮೇಲೆ
ಚೀಲ ಸುರಿದೆ, ಬೈಸಿಕೊಳ್ಳಲು ತಯಾರಾಗಿ.
ಡಾಕ್ಟರು ಹುಡುಗಿ ಬೈಯಲಿಲ್ಲ.
ಕಕ್ಕೆಕಾಯಿಯನ್ನು ಕಿವಿಯ ಹತ್ತಿರ ಆಡಿಸಿ ನಕ್ಕಳು.
ಹೆಸರಿಲ್ಲದ್ದನ್ನು ನೇರ ಕಸದ ಬುಟ್ಟಿಗೆ.
'ಹೆಸರಿರುವುದನ್ನೂ ನನಗೆ ಹೇಳಿಯೇ ತಗೊಳ್ಳಿ.
ಐದು ದಿನ ಕಾಯಬೇಡಿ, ಮೂರಕ್ಕೇ ಫೋನ್ ಮಾಡಿ.'
ಒಂದು ಸಿರಪ್ಪು ಬರೆದಳು, ನೀರು ಅಂದಳು, ನಡಿಗೆ ಅಂದಳು.
ಅಳಲೆ?
'ನಿಮ್ಮ ಮಾತ್ರೆಗಳ ಜೊತೆ ಹೇಗೋ ಗೊತ್ತಿಲ್ಲ,
ಕೇಳಿ ಹೇಳ್ತೀನಿ.'
ಗೊತ್ತಿಲ್ಲ ಅಂದ ಮೊದಲ ಪಂಡಿತೆ!
ಕೇರಿ ತುಂಬ ಇರುವ ಅಳಲೆಕಾಯಿ ಪಂಡಿತರಲ್ಲಿ
ಒಬ್ಬರ ಬಾಯಲ್ಲೂ ಆ ಮಾತು ಕೇಳಿರಲಿಲ್ಲ.

ಆಮೇಲೆ ಒಂದು ಗುರುವಾರ,
ಹಿತ್ತಿಲ ತಗಡಿನ ಬಾಗಿಲ ಹಿಂದೆ,
ಯಾರೂ ತಳ್ಳದೆ, ಯಾವುದೂ ಹಿಂಡದೆ,
ಸುಮ್ಮನೆ.
ಗಂಟಿನ ಹೆಸರು ಹೇಳಿದ ದಿನ ಅಳದವಳು
ಚೊಂಬು ಹಿಡಿದು ಅಲ್ಲೇ ಅತ್ತೆ.

ಹೊರಬಂದು ಗೋಡೆಯ ಮೇಲಿಂದ ಕೂಗಿದೆ.
ಗುಲ್ಜಾರ್‌ಬಿ ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದಳು.
ಪಿಳ್ಳಮ್ಮನ ಬಾಗಿಲಿಗೆ ಬೀಗ.
ನಾದಿನಿಯ ಫೋನು ಬಿಝಿ.
ಇಷ್ಟು ದಿನ ಕೇಳಿ ಕೇಳಿ ಕೊಂದವರು
ಇವತ್ತು ಒಬ್ಬರೂ ಇಲ್ಲ!

ಟ್ಯಾಂಕರಿನ ಹುಡುಗ ಪೈಪು ಎಳೆಯುತ್ತ ಬಂದ.
'ಆಯ್ತಪ್ಪಾ' ಅಂದೆ.
'ಏನಾಯ್ತಕ್ಕಾ?'
ಮುಖ ನೋಡಿದೆ. ಹದಿನೆಂಟು ಇದ್ದೀತು,
ಮೀಸೆ ಈಗ ಬರುತ್ತಿದೆ.

'ಏನಿಲ್ಲ, ಇವತ್ತು
ಎರಡು ಬಿಂದಿಗೆ ಜಾಸ್ತಿ ಹಾಕು.'